ಬಚ್ಚಲ ಮನೆಯ ಕಲ್ಲುಹಾಸು: ಹಳೆಯ ಲೇಪವನ್ನು ತೆಗೆಯುವ ಬಗೆ

ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯವು ದಿನಚರ್ಯೆಯನ್ನು ವಿವರಿಸುವಾಗ ಸ್ನಾನದ ಗುಣಗಳನ್ನು ಹೇಳುತ್ತದೆ. ಸ್ನಾನವು ಅಗ್ನಿಯನ್ನು ದೀಪನಗೊಳಿಸುತ್ತದೆ, ಬಲವನ್ನು ಕೊಡುತ್ತದೆ, ದಣಿವು, ಬೆವರು, ತಂದ್ರೆಗಳನ್ನು ಕಳೆಯುತ್ತದೆ. ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಮೊದಲು ಸ್ನಾನ ಮಾಡುವುದು ನಮ್ಮ ಮನೆತನಗಳಲ್ಲಿ ಹೇಳಿಕೊಡಬೇಕಾದ ಮಾತಲ್ಲ. ಹಿರಿಯರು ನಸುಕಿನಲ್ಲಿಯೇ ಎದ್ದು, ಇನ್ನೂ ಬೆಳಕು ಹರಿಯದಿರುವಾಗ ಬಚ್ಚಲಿಗೆ ಹೋಗುವುದನ್ನು ನಾವೆಲ್ಲರೂ ಕಂಡವರೇ. ಹೀಗೆ ಹೋದ ಹಿರಿಯರು ಕಾಲು ಜಾರಿ ಬಿದ್ದು ತೊಡೆಯ ಮೂಳೆಯ ಕುತ್ತಿಗೆಯನ್ನು ಮುರಿದುಕೊಂಡರೆ, ಅವರ ಮುಂದಿನ ಜೀವನವೇ ಬದಲಾಗಿಬಿಡುತ್ತದೆ. ಅಸ್ಥಿಯು ವಾತದ ಆಶ್ರಯಸ್ಥಾನವೆಂದು ಶಾಸ್ತ್ರವು ಹೇಳುತ್ತದೆ. ವಾರ್ಧಕ್ಯವಾದರೋ ವಾತಪ್ರಧಾನವಾದ ಕಾಲ. ಆ ವಯಸ್ಸಿನಲ್ಲಿ ಮೂಳೆ ಕೂಡಿಕೊಳ್ಳುವುದು ನಿಧಾನ, ಹಾಸಿಗೆ ಹಿಡಿದರೆ ಶಯ್ಯಾವ್ರಣ, ನ್ಯುಮೋನಿಯಾಗಳ ಭಯ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಔಷಧಿಯ ಮಾತನ್ನು ಬದಿಗಿಟ್ಟು ಬಚ್ಚಲ ಮನೆಯ ನೆಲದ ಮಾತನ್ನು ಎತ್ತಿಕೊಂಡಿದ್ದೇವೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಮನೆಗಳಲ್ಲಿ ಬಚ್ಚಲಿಗೆ ಹಾಸಿರುವ ಕಲ್ಲು ಬಹುಮಟ್ಟಿಗೆ ಶಹಾಬಾದ ಫರಸಿ. ಕೆಲವು ಕಡೆ ಕಪ್ಪು ಕಡಪಾ ಕಲ್ಲು. ಈಚೆಗೆ ಕಟ್ಟಿದ ಮನೆಗಳಲ್ಲಿ ಇಳಕಲ್ಲಿನ ಕೆಂಪು ಗ್ರ್ಯಾನೈಟು. ಶಹಾಬಾದ ಮತ್ತು ಕಡಪಾ ಇವೆರಡೂ ಸುಣ್ಣದ ಕಲ್ಲುಗಳು. ಕಲಬುರ್ಗಿ ಜಿಲ್ಲೆಯ ಶಹಾಬಾದ, ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಗೊಂಡಿರುವುದು ಈ ಕಲ್ಲನ್ನು ನಂಬಿಯೇ. ಗ್ರ್ಯಾನೈಟಿನ ಜಾತಿ ಬೇರೆ. ಅದರಲ್ಲಿ ಸುಣ್ಣದ ಅಂಶವು ಅತ್ಯಲ್ಪ, ಸಿಲಿಕಾ ಅಧಿಕ. ಈ ಭೇದವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಹಿಂದೆ ಫರಸಿಯನ್ನು ಹಾಸಿ ಹಾಗೆಯೇ ಬಿಡುತ್ತಿದ್ದರು. ಅನೇಕ ಮಠಗಳ ದಾಸೋಹ ಮನೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ಸಾವಿರಾರು ಭಕ್ತರ ಪಾದಗಳೇ ಅದಕ್ಕೆ ಹೊಳಪು ಕೊಟ್ಟಿವೆ. ಆದರೆ ಮನೆಗಳಲ್ಲಿ ಮದುವೆ, ಗೃಹಪ್ರವೇಶಗಳ ಸಂದರ್ಭದಲ್ಲಿ ನೆಲವು ಮಿಂಚಬೇಕೆಂಬ ಆಸೆಯಿಂದ ಫರಸಿಯ ಮೇಲೆ ಮೇಣದ ಪಾಲಿಶ್, ವಾರ್ನಿಶ್, ಲ್ಯಾಕರ್, ಅಂಗಡಿಯವರು ಸೀಲರ್ ಎಂದು ಕೊಡುವ ದ್ರವ, ಕೆಲವೊಮ್ಮೆ ಕೆಂಪು ಆಯಿಲ್ ಪೇಂಟನ್ನೇ ಬಳಿಸುವ ರೂಢಿ ಬಂದಿತು. ಪಡಸಾಲೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಬಚ್ಚಲಲ್ಲಿ ಮಾತ್ರ ಇದು ಸಲ್ಲದು. ಬರಿಯ ಕಲ್ಲಿನ ಮೈಯಲ್ಲಿರುವ ಸಣ್ಣ ಉಬ್ಬುತಗ್ಗುಗಳೇ ಅಂಗಾಲಿಗೆ ಹಿಡಿತ ಕೊಡುವಂಥವು. ಲೇಪವು ಆ ತಗ್ಗುಗಳನ್ನು ತುಂಬಿ ಗಾಜಿನಂತೆ ಮಾಡುತ್ತದೆ. ಅದರ ಮೇಲೆ ಸಾಬೂನಿನ ನೀರೋ ಎಳ್ಳೆಣ್ಣೆಯೋ ಬಿದ್ದರೆ ತರುಣರಿಗೂ ನಿಲ್ಲುವುದು ಕಷ್ಟ. ವಾತರೋಗಿಗಳಿಗೆ ಅಭ್ಯಂಗವನ್ನೂ ಪಾದಾಭ್ಯಂಗವನ್ನೂ ವಿಧಿಸುವ ವೈದ್ಯರು ಅವರ ಬಚ್ಚಲ ನೆಲ ಯಾವುದೆಂದು ಒಂದು ಮಾತು ಕೇಳಿಕೊಳ್ಳುವುದು ಲೇಸು. ನಾವು ಕೇಳುತ್ತೇವೆ.

ಇನ್ನೊಂದು ಕಾರಣ ನಮ್ಮ ಭೂಮಿಯದು. ನವಲಗುಂದದ ಎರೆ ಮಣ್ಣು ಮಳೆಗಾಲದಲ್ಲಿ ಹೀರಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆ ತೇವವು ಮಣ್ಣಿನ ಲವಣಗಳನ್ನು ಕರಗಿಸಿಕೊಂಡು ಕೆಳಗಿನಿಂದ ಕಲ್ಲಿನ ಸಂದುಗಳ ಮೂಲಕ ಮೇಲಕ್ಕೆ ಏರುತ್ತದೆ. ಬರಿಯ ಕಲ್ಲಾದರೆ ತೇವವು ಆರಿಹೋಗುತ್ತದೆ, ಬಿಳಿಯ ಉಪ್ಪನ್ನು ನಾವು ಗುಡಿಸಿ ತೊಳೆಯುತ್ತೇವೆ. ಮೇಲೆ ಲೇಪವಿದ್ದರೆ ತೇವಕ್ಕೆ ದಾರಿಯಿಲ್ಲ. ದೇಹದಲ್ಲಿ ಸ್ರೋತೋರೋಧವಾದಂತೆಯೇ ಇದು ಎಂದು ಹೋಲಿಸಬಹುದು. ಲೇಪದ ಕೆಳಗೆ ಉಪ್ಪು ಹರಳುಗಟ್ಟಿ ಅದನ್ನು ಮೇಲೆತ್ತುತ್ತದೆ. ಹಾಲು ಬಿಳುಪಿನ ಮಚ್ಚೆಗಳು ಕಾಣುತ್ತವೆ, ಅಲ್ಲಲ್ಲಿ ಸಿಪ್ಪೆ ಏಳುತ್ತದೆ, ಎದ್ದ ಸಿಪ್ಪೆಯ ಅಡಿಯಲ್ಲಿ ಬೂಷ್ಟು ಬೆಳೆಯುತ್ತದೆ. ಅರ್ಧ ಲೇಪ, ಅರ್ಧ ಬರಿಯ ಕಲ್ಲು ಇರುವ ನೆಲವು ಪೂರ್ಣ ಲೇಪದ ನೆಲಕ್ಕಿಂತ ಅಪಾಯಕರ, ಏಕೆಂದರೆ ಒಂದು ಹೆಜ್ಜೆ ಹಿಡಿದರೆ ಮುಂದಿನ ಹೆಜ್ಜೆ ಜಾರುತ್ತದೆ.

ಈ ಹಂತದಲ್ಲಿ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಆಸಿಡ್ ತರಿಸುವುದು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳನ್ನು ವಿಧಿಸಿದ ಮೇಲೆಯೂ ಶೌಚಾಲಯ ತೊಳೆಯುವ ದ್ರವದ ರೂಪದಲ್ಲಿ ಅದು ಮನೆಮನೆಯಲ್ಲಿದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಈ ಆಮ್ಲವು ಮೇಣವನ್ನಾಗಲಿ ವಾರ್ನಿಶನ್ನಾಗಲಿ ಪೇಂಟನ್ನಾಗಲಿ ಕರಗಿಸುವುದಿಲ್ಲ. ಸುರಿದಾಗ ನೊರೆ ಎದ್ದು ಲೇಪ ಕಿತ್ತು ಬರುವುದನ್ನು ಕಂಡು ಜನ ಸಂತೋಷಪಡುತ್ತಾರೆ, ನಡೆಯುವುದು ಬೇರೆಯೇ. ಲೇಪದ ಬಿರುಕುಗಳಿಂದ ಒಳಗಿಳಿದ ಆಮ್ಲವು ಸುಣ್ಣದ ಕಲ್ಲನ್ನೇ ಕರಗಿಸುತ್ತದೆ. ಆ ನೊರೆಯು ಕಲ್ಲಿನಿಂದ ಹೊರಟ ಇಂಗಾಲಾಮ್ಲ ಅನಿಲ. ಕೆಳಗಿನ ಕಲ್ಲು ಕರಗಿದ್ದರಿಂದ ಮೇಲಿನ ಲೇಪಕ್ಕೆ ಆಧಾರವಿಲ್ಲದೆ ಅದು ಎದ್ದು ಬರುತ್ತದೆ, ಅಷ್ಟೆ. ಉಳಿಯುವುದು ತೂತುತೂತಾದ, ಕೊಳೆಯನ್ನು ಹಿಡಿದಿಡುವ, ಮಂಕಾದ ಕಲ್ಲು ಮತ್ತು ಪುಡಿಯಾದ ಸಿಮೆಂಟಿನ ಸಂದುಗಳು. ಗಡಸು ನೀರಿನಿಂದ ಕಟ್ಟಿದ ಬಿಳಿಯ ಪಾಚನ್ನು ತೆಗೆಯಲು ಆಸಿಡ್ ಹಾಕುವವರಿಗೂ ಇದೇ ಮಾತು: ಆ ಪಾಚೂ ಕಲ್ಲೂ ಒಂದೇ ದ್ರವ್ಯ, ಒಂದನ್ನು ಕರಗಿಸುವಂಥದು ಇನ್ನೊಂದನ್ನು ಬಿಡುವುದಿಲ್ಲ.

ಇದನ್ನು ಪರೀಕ್ಷಿಸಲು ಆಸಿಡ್ ಬೇಕಿಲ್ಲ. ತಾಮ್ರದ ಹಂಡೆ, ತಂಬಿಗೆಗಳನ್ನು ಹುಣಸೆಹಣ್ಣಿನಿಂದ ತಿಕ್ಕುವ ತಾಯಂದಿರು ಅವನ್ನು ಬಚ್ಚಲ ಫರಸಿಯ ಮೇಲೆಯೇ ಇಟ್ಟು ತಿಕ್ಕುತ್ತಾರೆ. ಅವರು ಕುಳಿತುಕೊಳ್ಳುವ ಜಾಗವನ್ನು ನೋಡಿರಿ. ಹುಣಸೆಯ ರಸ ಬಿದ್ದಲ್ಲೆಲ್ಲ ಕಲ್ಲು ಮಾಸಿ ಒರಟಾಗಿರುತ್ತದೆ. ಹುಳಿಯು ಸೌಮ್ಯವಾದರೂ ಆಮ್ಲವೇ.

ಆಸಿಡ್ಡಿನ ಹಬೆಯು ಕಣ್ಣು, ಗಂಟಲು, ಶ್ವಾಸನಾಳಗಳನ್ನು ಉರಿಸುತ್ತದೆ. ತಮಕಶ್ವಾಸ ಇರುವವರಿಗೆ ಒಂದೆರಡು ಉಸಿರಿನಲ್ಲಿಯೇ ಉಬ್ಬಸ ಏಳಬಹುದು. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ತಿಕ್ಕಿ ಮುಗಿಸಿ, ಸಂಜೆ ಉಸಿರು ಕಟ್ಟಿ ನಮ್ಮಲ್ಲಿಗೆ ಬಂದ ಗೃಹಿಣಿಯರು ಒಬ್ಬಿಬ್ಬರಲ್ಲ. ಎಲ್ಲಕ್ಕಿಂತ ಭಯಂಕರವಾದುದು ಆಸಿಡ್ ಹಾಕಿದ ನೆಲಕ್ಕೆ ಬ್ಲೀಚಿಂಗ್ ಪುಡಿಯನ್ನು ಉದುರಿಸುವುದು. ಎರಡೂ ಶುಚಿಮಾಡುವ ವಸ್ತುಗಳೇ, ಕೂಡಿಸಿದರೆ ಇನ್ನೂ ಶುಚಿಯಾದೀತೆಂಬ ಭಾವನೆ. ಕೂಡಿದಾಗ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಯುದ್ಧಭೂಮಿಯ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಇದನ್ನು ಉಸಿರಾಡಿದವರಿಗೆ ಪುಪ್ಪುಸಗಳಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿಯೂ ಆಗಬಹುದಾದ್ದರಿಂದ, ಆಗಲೇ ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಎರಡನೆಯ ದಾರಿ ಥಿನ್ನರ್. ವಾರ್ನಿಶ್, ಲ್ಯಾಕರುಗಳು ಇದಕ್ಕೆ ಕರಗುವುದು ನಿಜ. ಕಲ್ಲಿಗೂ ಇದರಿಂದ ಹಾನಿಯಿಲ್ಲ. ಹಾನಿ ಮನುಷ್ಯನಿಗೆ. ಥಿನ್ನರಿನ ಆವಿಯು ಗಾಳಿಗಿಂತ ಭಾರವಾದುದು. ನೆಲಕ್ಕೆ ಅಂಟಿಕೊಂಡು ನೀರಿನಂತೆ ಹರಿಯುತ್ತದೆ, ಮೋರಿಯಲ್ಲಿ ಇಳಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಕಡೆ ಬಚ್ಚಲಲ್ಲಿಯೇ ಹಂಡೆಯ ಒಲೆ ಇರುತ್ತದೆ. ಮುಂಜಾನೆ ಉರಿಸಿದ ಒಲೆಯ ಬೂದಿಯಲ್ಲಿ ಮಧ್ಯಾಹ್ನದವರೆಗೂ ಕೆಂಡವಿರುತ್ತದೆ. ಒಲೆ ಇಲ್ಲದ ಮನೆಯಲ್ಲಿ ಗ್ಯಾಸ್ ಗೀಸರ್ ಇರುತ್ತದೆ, ಅಥವಾ ಸ್ವಿಚ್ ಒತ್ತಿದರೆ ಕಿಡಿ ಹಾರುವ ವಿದ್ಯುತ್ ಗೀಸರ್. ಥಿನ್ನರ್ ಬಳಸುವ ದಿನ ಒಲೆಗೆ ನೀರು ಸುರಿದು ಆರಿಸಬೇಕು, ಸಿಲಿಂಡರನ್ನು ಹೊರಗೆ ಸಾಗಿಸಬೇಕು, ಮೇನ್ ಸ್ವಿಚ್ಚನ್ನು ಕೆಲಸಕ್ಕೆ ಮೊದಲೇ ಆರಿಸಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕೆಂದು ಕೆಲಸಗಾರರು ತಿಳಿದಿರುತ್ತಾರೆ. ಬಟ್ಟೆಯು ಧೂಳನ್ನು ಸ್ವಲ್ಪ ತಡೆದೀತು, ಆವಿಯನ್ನು ತಡೆಯಲಾರದು. ತಲೆ ತಿರುಗಿದರೆ, ಅಮಲು ಬಂದಂತಾದರೆ ಕೂಡಲೇ ಹೊರಗೆ ಬರಬೇಕು.

ಪೇಂಟ್ ರಿಮೂವರ್ ಎಂದು ಡಬ್ಬಿಯಲ್ಲಿ ಬರುವ ದ್ರವವನ್ನು ಕೊಳ್ಳುವಾಗ ಅದರ ಮೇಲಿನ ಅಕ್ಷರಗಳನ್ನು ಓದಿಸಿಕೊಳ್ಳಬೇಕು. ಮಿಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದ್ದರೆ ಅದು ಬಚ್ಚಲ ಮನೆಗೆ ಬೇಡವೇ ಬೇಡ. ಅಮೆರಿಕ ದೇಶದಲ್ಲಿ 2000ದಿಂದ 2011ರ ಅವಧಿಯಲ್ಲಿ ಸ್ನಾನದ ತೊಟ್ಟಿಗಳ ಹಳೆಯ ಲೇಪವನ್ನು ಈ ದ್ರವದಿಂದ ತೆಗೆಯುತ್ತಿದ್ದ 13 ಜನ ಕೆಲಸಗಾರರು ಸತ್ತುದನ್ನು ಅಲ್ಲಿಯ ಆರೋಗ್ಯ ಇಲಾಖೆಯು 2012ರಲ್ಲಿ ಪ್ರಕಟಿಸಿತು. ತೊಟ್ಟಿಯ ಮೇಲೆ ಬಾಗಿ ಕೆಲಸ ಮಾಡುವಾಗ ಭಾರವಾದ ಆವಿಯು ಅದರಲ್ಲಿಯೇ ನಿಂತು, ಉಸಿರಾಟವನ್ನು ನಡೆಸುವ ಮೆದುಳಿನ ಶಕ್ತಿಯನ್ನು ಕುಂದಿಸಿಬಿಟ್ಟಿತು. ಒಳಗೆ ಹೋದ ಈ ದ್ರವ್ಯವನ್ನು ದೇಹವು ಕಾರ್ಬನ್ ಮೊನಾಕ್ಸೈಡ್ ಆಗಿಯೂ ಪರಿವರ್ತಿಸುತ್ತದೆ. ಹೃದ್ರೋಗ ಇರುವವರಿಗೆ ಇದು ಇಮ್ಮಡಿ ಅಪಾಯ. 2019ರಲ್ಲಿ ಆ ದೇಶವು ಇದನ್ನು ಮನೆಬಳಕೆಯ ರಿಮೂವರುಗಳಲ್ಲಿ ನಿಷೇಧಿಸಿತು. ಬೆಂಜೈಲ್ ಆಲ್ಕೊಹಾಲ್ ಇರುವ ರಿಮೂವರುಗಳು ಇದಕ್ಕಿಂತ ಸೌಮ್ಯ. ಕೆಲಸ ನಿಧಾನ, ಗಾಳಿಯಾಡುವ ವ್ಯವಸ್ಥೆ ಮಾತ್ರ ಅವಕ್ಕೂ ಬೇಕೇ ಬೇಕು.

ಹಳೆಯ ಪೇಂಟಿನ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು 2016ರಲ್ಲಿ ರಚನೆಯಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲು ಬಳಿದ ಆಯಿಲ್ ಪೇಂಟಿನಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಅದನ್ನು ಒಣಗಿದ್ದಾಗ ಕೆರೆಯಬಾರದು, ಸುಡಬಾರದು. ನೀರು ಚಿಮುಕಿಸಿ ಕೆರೆದು, ಸಿಪ್ಪೆಗಳನ್ನು ಹಾಳೆಯಲ್ಲಿ ಕಟ್ಟಿ, ಗರ್ಭಿಣಿಯರನ್ನೂ ಮಕ್ಕಳನ್ನೂ ಆ ಎರಡು ಮೂರು ದಿನ ಬೇರೆಡೆ ಇರಿಸಬೇಕು. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಎಂಬುದು ಕಬ್ಬಿಣದ ಪುಡಿಯಿಂದ ಬಂದ ಬಣ್ಣ. ಅದಕ್ಕೆ ಈ ಭಯವಿಲ್ಲ.

ಹಾಗಾದರೆ ತೆಗೆಯುವುದು ಹೇಗೆ? ರೋಗಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ. ಮೊದಲು ಲೇಪ ಯಾವುದೆಂದು ತಿಳಿಯಬೇಕು. ಬಾಗಿಲ ಹಿಂದಿನ ಒಂದು ಮೂಲೆಯನ್ನು ಆರಿಸಿಕೊಂಡು ಅಲ್ಲಿ ನೀರಿನ ಹನಿಯನ್ನು ಇಡಿರಿ. ಐದು ನಿಮಿಷದಲ್ಲಿ ಹನಿಯ ಕೆಳಗಿನ ಕಲ್ಲು ಕಪ್ಪಾದರೆ ಅಲ್ಲಿ ಲೇಪವಿಲ್ಲ, ಅಥವಾ ಇದ್ದದ್ದು ಸವೆದಿದೆ. ಹನಿ ಮುತ್ತಿನಂತೆ ನಿಂತರೆ ಲೇಪವಿದೆ. ಅನಂತರ ಉಗುರಿನಿಂದ ಕೆರೆಯಿರಿ. ಉಗುರಿನಲ್ಲಿ ಜಿಡ್ಡಾದ ಮಸಿ ಬಂದರೆ ಮೇಣ. ಟರ್ಪೆಂಟೈನ್ ಹಚ್ಚಿದ ಬಿಳಿಯ ಬಟ್ಟೆಗೆ ಅದು ಹಳದಿಯಾಗಿ ಅಂಟಿಕೊಳ್ಳುತ್ತದೆ. ಬಿಸಿನೀರು ಸುರಿದಾಗ ಬೆಳ್ಳಗಾಗಿ ಮೆತ್ತಗಾದರೆ ಅದು ನೀರಿನಲ್ಲಿ ಕಲಸಿ ಹಚ್ಚುವ ಸೀಲರ್. ಇವೆರಡಕ್ಕೂ ಜಗ್ಗದೆ ಚಾಕುವಿನ ತುದಿಗೆ ತೆಳ್ಳಗಿನ ಸಿಪ್ಪೆಯಾಗಿ ಬಂದರೆ ವಾರ್ನಿಶ್ ಅಥವಾ ಲ್ಯಾಕರ್. ಹನಿ ನಿಲ್ಲುತ್ತದೆ, ಆದರೆ ಕೆರೆದರೆ ಏನೂ ಬರುವುದಿಲ್ಲ, ಹೊಳಪೂ ಇಲ್ಲ ಎಂದಾದರೆ ಅದು ಕಲ್ಲಿನ ಒಳಗೆ ಇಳಿದಿರುವ ಸಿಲಿಕೋನ್ ಜಾತಿಯದು. ಅದನ್ನು ತೆಗೆಯುವ ಗೋಜಿಗೆ ಹೋಗಬೇಡಿರಿ. ಅದು ಮೇಲೆ ಪೊರೆ ಕಟ್ಟುವುದಿಲ್ಲವಾದ್ದರಿಂದ ಜಾರಿಕೆಗೂ ಕಾರಣವಲ್ಲ, ಕಾಲಕ್ರಮದಲ್ಲಿ ತಾನೇ ಸವೆಯುತ್ತದೆ. ಕಲ್ಲು ಯಾವುದೆಂಬ ಸಂದೇಹವಿದ್ದರೆ ಲೇಪವಿಲ್ಲದ ಜಾಗದಲ್ಲಿ ಒಂದೇ ಒಂದು ಹನಿ ನಿಂಬೆರಸ ಬಿಡಿರಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಕಲ್ಲು. ಆಮೇಲೆ ಕೂಡಲೇ ತೊಳೆಯಿರಿ.

ಮೇಣಕ್ಕೂ ಸೀಲರಿಗೂ ಅಡುಗೆಯ ಸೋಡಾ ಅಲ್ಲ, ಬಟ್ಟೆ ತೊಳೆಯುವ ವಾಷಿಂಗ್ ಸೋಡಾ ಬೇಕು. ಅದು ಕ್ಷಾರ, ಸುಣ್ಣದ ಕಲ್ಲನ್ನು ಕರಗಿಸುವುದಿಲ್ಲ. ಅರ್ಧ ಬಕೆಟ್ ಬಿಸಿನೀರಿಗೆ ಒಂದು ಬೊಗಸೆಯಷ್ಟು ಕಲಸಿ, ಮೂರು ನಾಲ್ಕು ಕಲ್ಲುಗಳ ಮೇಲೆ ಮಾತ್ರ ಸುರಿದು, ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಲು ಗಂಟೆ ಬಿಡಬೇಕು. ತೆಂಗಿನ ನಾರಿನ ಅಥವಾ ಪ್ಲಾಸ್ಟಿಕ್ಕಿನ ಬ್ರಷ್ಷಿನಿಂದ ತಿಕ್ಕಿ, ಕರಗಿದ ಗಸಿಯನ್ನು ಹಳೆಯ ಬಟ್ಟೆಯಿಂದ ಎತ್ತಿಬಿಡಬೇಕು. ನೀರು ಹೊಯ್ದು ತಳ್ಳಿದರೆ ಅದು ಪಕ್ಕದ ಕಲ್ಲಿನ ಮೇಲೆ ಹರಡಿ ಮತ್ತೆ ಆರುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಕಬ್ಬಿಣದ ತಂತಿಯ ಬ್ರಷ್ ಕೂಡದು, ಅದರ ಚೂರುಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕಿನ ಕಲೆಯಾಗುತ್ತವೆ. ಕಾಸ್ಟಿಕ್ ಸೋಡಾ ಬೇಡ. ಕೈಗೆ ರಬ್ಬರ್ ಕೈಚೀಲ, ಕಣ್ಣಿಗೆ ಕನ್ನಡಕ ಇರಲಿ. ಕ್ಷಾರವು ಆಮ್ಲದಂತೆ ಕೂಡಲೇ ಉರಿಸುವುದಿಲ್ಲ. ಜಾರುಜಾರಾಗಿ ಹಿತವೆನಿಸಿ ಒಳಗೊಳಗೆ ಇಳಿಯುತ್ತದೆ, ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತ ಆಳವಾದ ಗಾಯ ಮಾಡುತ್ತದೆ. ಕ್ಷಾರದಗ್ಧಕ್ಕೆ ಹುಳಿಯಾದ ದ್ರವ್ಯಗಳನ್ನು ಹಾಕುವ ಕ್ರಮವನ್ನು ಸುಶ್ರುತರು ಹೇಳಿದ್ದಾರೆ; ಅದು ವೈದ್ಯನು ಅಳತೆಯಿಂದ ಮಾಡಿದ ಕ್ಷಾರಕರ್ಮದ ಸಂದರ್ಭಕ್ಕೆ. ಮನೆಯಲ್ಲಿ ಕಣ್ಣಿಗೋ ಚರ್ಮಕ್ಕೋ ಆಸಿಡ್ ಅಥವಾ ಕ್ಷಾರ ಬಿದ್ದರೆ ಹುಳಿಯೂ ಬೇಡ, ಅರಿಸಿನವೂ ಬೇಡ, ತುಪ್ಪವೂ ಬೇಡ. ಹರಿಯುವ ನೀರಿನಲ್ಲಿ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು ಆಸ್ಪತ್ರೆಗೆ ಹೋಗಬೇಕು. ಮಕ್ಕಳು ತಂಪುಪಾನೀಯದ ಬಾಟಲಿಯಲ್ಲಿಟ್ಟ ದ್ರವವನ್ನು ಕುಡಿದರೆ ವಾಂತಿ ಮಾಡಿಸಲೇಬಾರದು. ವಮನವು ಪಂಚಕರ್ಮಗಳಲ್ಲಿ ಮೊದಲನೆಯದಾದರೂ ಇಲ್ಲಿ ನಿಷಿದ್ಧ. ಮೇಲಕ್ಕೆ ಬರುವಾಗ ಅದು ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ. 108ಕ್ಕೆ ಕರೆ ಮಾಡಿರಿ.

ವಾರ್ನಿಶ್, ಲ್ಯಾಕರುಗಳಿಗೆ ಸೋಡಾ ಸಾಲದು. ಬೇಸಿಗೆಯ ದಿನ, ಬಾಗಿಲು ಕಿಟಕಿಗಳನ್ನು ತೆರೆದು, ಮೇಲೆ ಹೇಳಿದ ಎಚ್ಚರಿಕೆಗಳೊಡನೆ ರಿಮೂವರ್ ಹಚ್ಚಿ, ಮರದ ಪಟ್ಟಿಯಿಂದ ಕೆರೆದು ತೆಗೆಯಬಹುದು. ಇದನ್ನು ಒಬ್ಬರೇ ಮಾಡಬಾರದು, ಹೊರಗೊಬ್ಬರು ನಿಂತಿರಬೇಕು. ಇಡೀ ನೆಲವೇ ಹಾಗಿದ್ದರೆ ಪಾಲಿಶ್ ಯಂತ್ರ ಇರುವ ಗೌಂಡಿಯವರಿಂದ ನೀರು ಬಿಟ್ಟು ಉಜ್ಜಿಸುವುದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಖರ್ಚು ಹೆಚ್ಚು, ಆದರೆ ವಿಷದ ಆವಿಯಿಲ್ಲ. ಒಣಗಿದ ಕಲ್ಲನ್ನು ಗ್ರೈಂಡರಿನಿಂದ ಉಜ್ಜಲು ಮಾತ್ರ ಬಿಡಬೇಡಿರಿ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸದಲ್ಲಿ ಕುಳಿತರೆ ಅದನ್ನು ಹೊರಗೆ ತರುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ಗ್ರ್ಯಾನೈಟಿನಲ್ಲಿ ಈ ಅಪಾಯ ಇನ್ನೂ ಅಧಿಕ. ನಮ್ಮ ಮನೆಗೆ ಒಂದು ದಿನದ ಧೂಳಾದರೆ ಗೌಂಡಿಗೆ ಅದು ದಿನನಿತ್ಯದ್ದು. ಅವನ ಕಾಯಕವು ಅವನ ಉಸಿರನ್ನು ತಿನ್ನದಂತೆ ನೋಡಿಕೊಳ್ಳುವುದು ಕೆಲಸ ಕೊಡುವವರ ಹೊಣೆಯೂ ಹೌದು.

ಲೇಪ ಹೋದ ಮೇಲೆಯೂ ವರ್ಷಗಟ್ಟಲೆ ಇಂಗಿದ ಎಣ್ಣೆಯ ಕಪ್ಪು ಕಲೆಗಳು ಉಳಿಯುತ್ತವೆ. ಅವಕ್ಕೆ ಮುಲ್ತಾನಿ ಮಣ್ಣನ್ನು ಸೋಡಾ ನೀರಿನಲ್ಲಿ ಇಡ್ಲಿಯ ಹಿಟ್ಟಿನಂತೆ ಕಲಸಿ, ಅರ್ಧ ಬೆರಳು ದಪ್ಪಕ್ಕೆ ಮೆತ್ತಿ, ಒಂದು ದಿನ ಹಾಳೆ ಮುಚ್ಚಿಡಬೇಕು. ಮರುದಿನ ಹಾಳೆ ತೆಗೆದು ತಾನಾಗಿಯೇ ಒಣಗಲು ಬಿಡಬೇಕು. ಶರೀರಕ್ಕೆ ಹಚ್ಚುವ ಲೇಪವನ್ನು ಒಣಗಿದ ಮೇಲೆ ಉಳಿಸಬಾರದು, ಒತ್ತಡ ಕೊಟ್ಟು ಹಿಂಡಬೇಕಾದ ವ್ರಣಗಳಿಗೆ ಮಾತ್ರ ಬಿಡಬಹುದು ಎಂದು ಸುಶ್ರುತರ ಮಾತು. ಕಲ್ಲಿಗೆ ಆ ಹಿಂಡುವ ಲೇಪವೇ ಬೇಕು: ಮಣ್ಣು ಆರುತ್ತ ಆರುತ್ತ ಕಲ್ಲಿನೊಳಗಿನ ಎಣ್ಣೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಕೆಲಸಕ್ಕೆ ಮಳೆಗಾಲ ಸಲ್ಲದು. ಯುಗಾದಿಗೆ ಮೊದಲಿನ ಒಣ ದಿನಗಳು ಪ್ರಶಸ್ತ. ಮುಗಿದ ಮೇಲೆ ಒಂದು ವಾರ ಆರಗೊಟ್ಟು, ಬಿರಿದ ಸಂದುಗಳಿಗೆ ಸಿಮೆಂಟ್ ತುಂಬಿಸಿರಿ. ಹೊಸದಾಗಿ ಏನನ್ನೂ ಬಳಿಸಬೇಡಿರಿ. ಅಂಗಡಿಯವರು ಒತ್ತಾಯಿಸುತ್ತಾರೆ, ಮಣಿಯಬೇಡಿರಿ. ಕಲ್ಲು ನುಣುಪಾಗಿಯೇ ಉಳಿದಿದ್ದರೆ ಹಿರಿಯರು ನಿಲ್ಲುವ ಎರಡು ಕಲ್ಲುಗಳ ಮೇಲಾದರೂ ಉಳಿಯಿಂದ ಸಣ್ಣ ಕಚ್ಚುಗಳನ್ನು ಹಾಕಿಸಿ, ಗೋಡೆಗೆ ಸೊಂಟದ ಎತ್ತರದಲ್ಲಿ ಹಿಡಿಕೆಯೊಂದನ್ನು ಕೂಡಿಸಿರಿ. ಎಣ್ಣೆಸ್ನಾನದ ದಿನ ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ನೆಲಕ್ಕೆ ಉದುರಿಸಿ, ಬಿಸಿನೀರು ಹಾಕಿ ತಿಕ್ಕಿದರೆ ಎಣ್ಣೆ ಬಿಡುತ್ತದೆ. ಇದನ್ನು ಮುಂದಿನವರು ಸ್ನಾನಕ್ಕೆ ಹೋಗುವ ಮೊದಲೇ ಮಾಡಬೇಕು. ತಾಮ್ರದ ಹಂಡೆಯನ್ನು ತಿಕ್ಕಲು ಹಿತ್ತಲಿಗೆ ಒಯ್ಯಿರಿ.